ಕವಲುಗಿವಿಯ ಆಡುಗಳು

"ಗೇಟು ತೆಗೆಯೋ ಹಾಗಿಲ್ಲ ಅತ್ತೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡ."

ಸೆಲ್ಸೊ ಹೆಲ್ಮೆಟ್ ಸರಿಮಾಡಿಕೊಂಡ. ಅವನ ಬೆನ್ನ ಹಿಂದೆ ಹೊಸ ಬಾವಿ ಗುಡುಗುತ್ತಿತ್ತು. ನೀರು, ಮರಳು ನುಗ್ಗಿಸಿ ಆಳದ ಬಂಡೆಯನ್ನೇ ಒಡೆದು ಎಣ್ಣೆ ತೆಗೆಯುವ ಬಾವಿ. ಇದೊಂದು ಚೆನ್ನಾಗಿ ಹರಿದರೆ ಕಣಿವೆಯ ತುಂಬ ಕೊರೆಯುತ್ತಾರಂತೆ, ಅರ್ಜೆಂಟೀನಾದ ಕಷ್ಟವೆಲ್ಲ ತೀರುತ್ತದಂತೆ. ಸೆಲ್ಸೊಗೆ ಅಷ್ಟು ದೊಡ್ಡ ಆಸೆಯಿರಲಿಲ್ಲ. ಹೆಂಡತಿ ಬಸುರಿ, ಈ ಕಾವಲು ಕೆಲಸ ಕಾಯಂ ಆದರೆ ಸಾಕಿತ್ತು.

ಬೇಲಿಯಾಚೆ ಅವನ ಸೋದರತ್ತೆ ರೊಸೆಂದಾ ಕುದುರೆಯಿಂದ ಇಳಿದಿದ್ದಳು. ಬೇಸಿಗೆಯೆಲ್ಲ ಆಂಡೀಸ್ ಬೆಟ್ಟದ ಮೇಲೆ ಮೇಯಿಸಿ, ಚಳಿಗೆ ಮುಂಚೆ ಆಡುಗಳನ್ನು ಇಳಿಸಿಕೊಂಡು ಬಂದರೆ ಅಜ್ಜನ ಕಾಲದ ದಾರಿಗೇ ಅಡ್ಡವಾಗಿ ಬೇಲಿ. ಗಂಟೆ ಕಟ್ಟಿದ ಹೋತ ಗೇಟಿಗೆ ಹಣೆಯಿಟ್ಟು ನಿಂತಿತ್ತು. ನೀರಿನ ಒರತೆ ಇದ್ದದ್ದು ಬಾವಿಯ ಆಚೆಗೆ.

"ಸೇತುವೆ ಕಡೆಯಿಂದ ಸುತ್ತಿ ಹೋಗು."

"ನಾಳೆ ಸಂಜೆ ಆಗುತ್ತೆ. ಮರಿಗಳು ತಡೆಯಲ್ಲ. ಆದ್ರೂ ಹೋಗ್ತೀನಿ ಬಿಡು ಸಾಹೇಬಾ. ನಿನ್ನ ಆಡುಗಳನ್ನ ಮಾತ್ರ ನೀನೇ ಬೇರೆ ಮಾಡಿ ಇಟ್ಕೋ."

"ಅವನ್ನ ಮಾರಿಬಿಡು ಅಂತ ಕೆಲಸ ಸಿಕ್ಕಾಗಲೇ ಹೇಳಿದ್ನಲ್ಲ!"

ಮರಿಗಳ ಕಿವಿಗೆ ಗುರುತು ಮಾಡುವ ಹಬ್ಬದಲ್ಲಿ, ಅವನು ಚಿಕ್ಕವನಿದ್ದಾಗ, ಅತ್ತೆ ಒಂದು ಹೆಣ್ಣುಮರಿಯ ಎಡಗಿವಿಯನ್ನು ಕವಲಾಗಿ ಕತ್ತರಿಸಿ ಅವನಿಗೆ ಕೊಟ್ಟಿದ್ದಳು. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುರುತು. ಆ ಮರಿಯ ಸಂತಾನವೆಲ್ಲ ಅವನದೇ.

ಬೇಗ ಮುಗಿಸಿಬಿಡೋಣವೆಂದು ಸೆಲ್ಸೊ ಬೇಲಿಯ ಸಂದಿಯಲ್ಲಿ ಕೈ ತೂರಿಸಿ ಒಂದು ಕಿವಿ ಹಿಡಿದ. ಕವಲು. ಪಕ್ಕದ್ದೂ ಕವಲು. ಈ ವರ್ಷದ ಮರಿಗಳ ಕಿವಿಯಲ್ಲೂ ಈಗಷ್ಟೇ ಮಾಯುತ್ತಿದ್ದ ಕವಲು.

"ಅರ್ಧ ಮಂದೆ ನಂದೇ ಮಾಡಿಟ್ಟಿದ್ದೀಯಲ್ಲ!"

"ನಿನ್ನ ಆಡುಗಳು ಅವಳಿ ಹಾಕಿದ್ರೆ ನಾನೇನ್ ಮಾಡ್ಲಿ? ಈ ಬಾವಿ ಬತ್ತಿದ ದಿನ ಹೊಟ್ಟೆಗೆ ಏನು ಹಾಕ್ಕೋತೀಯ, ಪೆದ್ದ?"

ಸೆಲ್ಸೊಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಸೊಂಟದ ವಾಕಿಟಾಕಿ ಗೊರಗುಟ್ಟಿತು: ಮರಳಿನ ಲಾರಿಗಳ ಜೊತೆ ಮೇಲಧಿಕಾರಿಯೇ ಬರುತ್ತಿದ್ದಾನೆ, ಗೇಟಿನ ಹತ್ತಿರ ಯಾರೂ ಇರಕೂಡದು. ಅವನು ಅದನ್ನು ಆರಿಸಿ, ಅಗುಳಿ ಎಳೆದ.

ಹೋತ ನುಗ್ಗಿತು. ಅದರ ಹಿಂದೆ ಮಂದೆ, ಕುದುರೆ, ಅತ್ತೆ. ಕೊನೆಗೊಂದು ಕುಂಟು ಮರಿ ಗೇಟಿನ ನಡುವೆ ನಿಂತು ಅವನ ಬೂಟು ಮೂಸತೊಡಗಿತು. ಎತ್ತಿಕೊಂಡು ನೋಡಿದರೆ ಅದರ ಎರಡು ಕಿವಿಯೂ ಇಡಿಯಾಗಿದ್ದವು.

"ಇದು ಯಾರದ್ದು?" ಎಂದು ಕೂಗಿದ.

"ನಿನ್ನ ಮಗೂದು," ಅತ್ತೆ ತಿರುಗಿ ನೋಡದೆ ಹೇಳಿದಳು. "ಅದು ಹುಟ್ಟಿದ ಮೇಲೆ ಗುರುತು ಹಾಕೋಣ."

ರಸ್ತೆಯ ಕೊನೆಯಲ್ಲಿ ಲಾರಿಗಳ ಧೂಳು ಎದ್ದಿತ್ತು. ಸೆಲ್ಸೊ ತೆರೆದ ಗೇಟಿನಲ್ಲಿ ಮರಿಯನ್ನು ಎದೆಗೊತ್ತಿಕೊಂಡು ನಿಂತಿದ್ದ. ಅದು ಅವನ ಹೆಲ್ಮೆಟ್ಟಿನ ಪಟ್ಟಿಯನ್ನು ಜಗಿಯುತ್ತಿತ್ತು.