ಬುದ್ಧಿ ಬಂದ ಮಗ

ಹಲಸೂರಿನ ಆ ಗಲ್ಲಿಯಲ್ಲಿ ಗೋವಿಂದಮ್ಮನ ಮಗ ದೀಪುವಿಗೆ ಈಗ ಭಾರಿ ಒಳ್ಳೆಯ ಹೆಸರು. ಜೈಲಿನಿಂದ ಬಂದು ಮೂರು ತಿಂಗಳಾಯಿತು. ಕುಡಿತವಿಲ್ಲ, ಜಗಳವಿಲ್ಲ, ತಲೆ ಎತ್ತಿ ಮಾತಾಡುವುದೂ ಇಲ್ಲ. ಕಂಡವರೆಲ್ಲ ಹೊಗಳುತ್ತಾರೆ. ಗೋವಿಂದಮ್ಮ ಹೂಂ ಹೂಂ ಎಂದು ತಲೆಯಾಡಿಸುತ್ತಾಳೆ. ಇನ್ನೇನು ಮಾಡಿಯಾಳು? ಅವನನ್ನು ಒಳಗೆ ಹಾಕಿಸಿದ್ದೇ ಅವಳು.

ಕುಡಿಯುವುದಕ್ಕಾಗಿ ತನ್ನ ಕಿವಿಯೋಲೆಯನ್ನೇ ಕದ್ದನೆಂಬ ಸಿಟ್ಟಿನಲ್ಲಿ ಠಾಣೆಗೆ ಹೋಗಿ, “ಎರಡು ದಿನ ಕೂರಿಸ್ಕೊಂಡು ಬುದ್ಧಿ ಕಲಿಸಿ ಸಾರ್” ಎಂದು ಕೈಮುಗಿದಿದ್ದಳು. ಮಕ್ಕಳು ಕೈಮೀರಿದರೆ ಆ ಗಲ್ಲಿಯವರು ಮಾಡುವುದೇ ಅದು. ಪೊಲೀಸರಿಗೋ, ಪತ್ತೆಯಾಗದೆ ಉಳಿದಿದ್ದ ಎರಡು ಬೈಕ್ ಕಳವಿಗೆ ಯಾರಾದರೊಬ್ಬರು ಬೇಕಾಗಿತ್ತು; ಅದನ್ನು ಇವನ ತಲೆಗೆ ಕಟ್ಟಿದರು. ಎರಡು ದಿನ ಹೋಗಿ ಹದಿನಾಲ್ಕು ತಿಂಗಳಾಯಿತು. ಜಾಮೀನು ಸಿಗುವಷ್ಟರಲ್ಲಿ ಹುಡುಗ ಅರ್ಧ ಇಳಿದುಹೋಗಿದ್ದ.

ಇವತ್ತು ಬೆಳಿಗ್ಗೆ ಎದುರುಮನೆಯ ಜಟ್ಟೆಮ್ಮ ಬಂದು ಕೂತಳು. ಅವಳ ಮಗ ಸುನೀಲ ಇಂದಿರಾನಗರದ ಪಬ್ಬೊಂದರಲ್ಲಿ ಗಿರಾಕಿಗಳ ಕಾರು ನಿಲ್ಲಿಸುವ ಕೆಲಸ ಬಿಟ್ಟು ಪುಂಡರ ಜೊತೆ ಸೇರಿದ್ದ.

“ಅಕ್ಕ, ನಿನ್ನೆ ನನ್ ಮೇಲೇ ಕೈ ಎತ್ತಿದ. ನೀವು ಯಾವ ಪೊಲೀಸಪ್ಪನ್ನ ಹಿಡಿದ್ರಿ? ಹೆಸರು ಹೇಳಿ. ಇವನ್ನೂ ಎರಡು ದಿನ ಒಳಗೆ ಹಾಕ್ಸ್ತೀನಿ.”

ಮಾನಕ್ಕೆ ಅಂಜಿ ಗೋವಿಂದಮ್ಮ ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಈಗ ಹೇಳದಿದ್ದರೆ ಇನ್ನೊಂದು ಮನೆ ಹಾಳಾಗುತ್ತದೆ.

ಅಷ್ಟರಲ್ಲಿ ದೀಪು ನೀರಿನ ಕೊಡ ಹೊತ್ತು ಒಳಬಂದ. “ಎಷ್ಟು ಒಳ್ಳೆ ಹುಡುಗ ಆಗ್ಬಿಟ್ಟಿದೀಯಪ್ಪ” ಎನ್ನುತ್ತ ಜಟ್ಟೆಮ್ಮ ಎದ್ದು ಅವನ ತಲೆ ಸವರಲು ಕೈಯೆತ್ತಿದಳು. ಕೊಡ ದೊಪ್ಪನೆ ಬಿತ್ತು. ಇಪ್ಪತ್ಮೂರು ವರ್ಷದ ಗಂಡಸು ಮೂಲೆಯಲ್ಲಿ ಕುಕ್ಕರಿಸಿ, ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು, “ನಾನಲ್ಲ ಸಾರ್, ನಾನಲ್ಲ” ಎಂದು ಗಡಗಡ ನಡುಗಿದ.

ಗೋವಿಂದಮ್ಮ ಓಡಿಹೋಗಿ ಅವನನ್ನು ತಬ್ಬಿಕೊಂಡಳು. ಅಳು ತಡೆಯಲಾಗಲಿಲ್ಲ.

“ನೋಡಿದ್ಯಾ? ದಿನಾ ಹಿಂಗೇ ಕಣೇ. ಬುದ್ಧಿನೂ ಬಂದಿಲ್ಲ, ಮಣ್ಣೂ ಬಂದಿಲ್ಲ. ನನ್ ಕೈಯಾರೆ ಹಾಳ್ಮಾಡ್ಬಿಟ್ಟೆ ಇವನ್ನ. ನಿನ್ ಕಾಲಿಗೆ ಬೀಳ್ತೀನಿ, ಸ್ಟೇಷನ್ ಮೆಟ್ಟಿಲು ಮಾತ್ರ ಹತ್ಬೇಡ.”

ಜಟ್ಟೆಮ್ಮ ಮೂಲೆಯಲ್ಲಿದ್ದವನನ್ನೇ ಬಹಳ ಹೊತ್ತು ನೋಡಿದಳು. ಅವಳ ಕಣ್ಣಲ್ಲಿ ಆಸೆ ಮೂಡಿದ್ದನ್ನು ಗೋವಿಂದಮ್ಮ ಕಂಡಳು.

“ಇದರಲ್ಲಿ ಅರ್ಧ ಭಯ ಇದ್ರೂ ಸಾಕಕ್ಕ ನಮ್ಮವನಿಗೆ. ಹೆಸರು ಹೇಳೋಕೆ ಇಷ್ಟ ಇಲ್ದಿದ್ರೆ ಬಿಡಿ. ನಿಮ್ ಮಗ ಒಬ್ಬನೇ ದಾರಿಗೆ ಬಂದ್ರೆ ಸಾಕಲ್ವಾ ನಿಮ್ಗೆ!”

ಚಪ್ಪಲಿ ಮೆಟ್ಟಿಕೊಂಡು ಠಾಣೆಯ ಕಡೆಗೆ ನಡೆದೇಬಿಟ್ಟಳು. ಹಿಂದೆಯೇ ಓಡಿ ತಡೆಯೋಣವೆಂದು ಗೋವಿಂದಮ್ಮ ಎದ್ದಳು. ದೀಪು ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಎಷ್ಟು ಬಿಡಿಸಿದರೂ ಬಿಡಲಿಲ್ಲ.