ಶಾಂತಯ್ಯನವರ ಆಲ್ಟರ್ನೇಟರ್

ತೊಂಬತ್ತೆಂಟರ ಶ್ರಾವಣದ ಒಂದು ಬೆಳಿಗ್ಗೆ ಅವಲಕ್ಕಿ ತಿನ್ನಲು ಗಂಡನನ್ನು ಕರೆದು ಕರೆದು ಸಂಗವ್ವನಿಗೆ ಸಾಕಾಯಿತು. ಬೈರಿದೇವರಕೊಪ್ಪದ ಮನೆಯಂಗಳದಲ್ಲಿ, ಹಳೆಯ ಅಂಬಾಸಡರ್ ಕಾರಿನ ತೆರೆದ ಬಾನೆಟ್ಟಿನ ಮುಂದೆ, ಶಾಂತಯ್ಯನವರು ನಟ್ಟು ಬಿಚ್ಚುವ ಪಾನಾ ಹಿಡಿದು ಸ್ಟೂಲಿನ ಮೇಲೆ ಕುಳಿತಿದ್ದರು.

"ಆ ಕಾರನ್ನ ಲಗ್ನಾ ಮಾಡ್ಕೋಬೇಕಿತ್ತು ನೀವು!" ಎಂದು ಬೈದಳು. ಅದಕ್ಕೆ ತಿರುಗಿ ಒಂದು ಮಾತು ಬರಲೇಬೇಕಿತ್ತು. ಬರಲಿಲ್ಲ. ಅವರು ಶಿವನ ಪಾದ ಸೇರಿದ್ದಾರೆಂದು ಆಗ ತಿಳಿಯಿತು.

ಅಳು ಒಂದು ಹದಕ್ಕೆ ಬಂದ ಮೇಲೆ ತೊಡಕು ಕಾಣಿಸಿತು. ತಮ್ಮ ಮಣ್ಣು ಉಪ್ಪಿನಬೆಟಗೇರಿಯ ಹೊಲದಲ್ಲಾಗಬೇಕು, ಅಲ್ಲಿಗೆ ತಮ್ಮ ಕಾರಿನಲ್ಲೇ ಒಯ್ಯಬೇಕು ಎಂದು ಅವರು ಹೇಳಿಟ್ಟಿದ್ದರು. ಲಿಂಗವಂತರಲ್ಲಿ ಹೋದವರನ್ನು ಕೂಡಿಸಿಯೇ ಒಯ್ಯುವುದರಿಂದ ಮುಂದಿನ ಸೀಟಿನಲ್ಲಿ ಕೂಡಿಸಲು ಅಡ್ಡಿಯಿರಲಿಲ್ಲ. ಆದರೆ ಬ್ಯಾಟರಿಗೆ ಚಾರ್ಜ್ ಕೊಡುವ ಹಳೆಯ ಡೈನಮೊ ಬಿಚ್ಚಿ ನೆಲದ ಮೇಲಿಟ್ಟಿತ್ತು. ಅದರ ಜಾಗದಲ್ಲಿ ಬಲವಾದ ಹೊಸ ಆಲ್ಟರ್ನೇಟರ್ ಕುಳಿತಿತ್ತು, ವೈರು ಮಾತ್ರ ಜೋಡಿಸಿರಲಿಲ್ಲ.

ಕಾರಿನ ವೈರಿಂಗ್ ಮಾಡುವ ಗೌಸಮೊದ್ದೀನ ಬಂದು ನೋಡಿದ. "ಅವ್ವಾರ, ತುಂಬಿದ ಬ್ಯಾಟರಿ ಒಂದ ಇಟ್ರ ಹಗಲಿನ್ಯಾಗ ಊರು ಮುಟ್ಟತೈತ್ರಿ. ವೈರಿಂಗ್ ನಾಳಿ ಮಾಡೂಣು."

"ನಾಳಿ ಯಾರ ಸಲುವಾಗಿ? ಇವರು ಹಿಡದ ಕೆಲಸ ಅರ್ಧಕ್ಕ ಬಿಟ್ಟು ನಾ ಕಳಸಂಗಿಲ್ಲ."

ಕಾಯಕ ಮುಗಿಸದೆ ಹೋದರೆ ಗಂಡನಿಗೆ ಶಿವನ ಸನ್ನಿಧಿಯಲ್ಲೂ ನೆಮ್ಮದಿ ಸಿಗದೆಂದು ಅವಳು ನಂಬಿದ್ದಳು.

ಶಾಂತಯ್ಯನವರನ್ನು ವಿಭೂತಿ ಹಚ್ಚಿ ಕಟ್ಟೆಯ ಮೇಲೆ ಕೂಡಿಸಿದರು. ಅವರು ಮೇಸ್ತ್ರಿಯ ಹಾಗೆ ಕಾರಿಗೆ ಮುಖ ಮಾಡಿ ಕುಳಿತರು. ಒಂದು ಕಡೆ ಭಜನೆ, ಒಂದು ಕಡೆ ವೈರಿಂಗ್. ಭಜನೆಯವರು ನಡುನಡುವೆ ತಾಳ ನಿಲ್ಲಿಸಿ ಕೆಂಪು ವೈರಿನ ಬಗ್ಗೆ ಬುದ್ಧಿ ಹೇಳಿದರು.

"ಹಳೇ ಗಾಡಿಗೆ ಪ್ಲಸ್ ವೈರು ಗಾಡಿ ಕಬ್ಬಿಣಕ್ಕ ಕಟ್ಟಿರ್ತಾರ. ಆಲ್ಟರ್ನೇಟರಿಗೆ ಮೈನಸ್ ಬೇಕ್ರಿ. ಬ್ಯಾಟರಿ ಉಲ್ಟಾ ಕಟ್ಟಬೇಕು," ಎಂದ ಗೌಸಮೊದ್ದೀನ.

ಸಂಗವ್ವನ ಮೈದುನ ಶಿವಯೋಗೀಶ ಎದ್ದು ನಿಂತ. "ಸತ್ತ ಮನ್ಯಾಗ ಉಲ್ಟಾ ಕೆಲಸೇನೋ? ಸೂತಕ ಐತಿ!"

ಮಠದ ಅಯ್ಯನವರು ನಕ್ಕರು. "ತಮ್ಮಾ, ಲಿಂಗ ಕಟ್ಟಿದ ನಮಗ ಸೂತಕ ಇಲ್ಲ, ಬ್ಯಾಟರಿಗೆ ಎಲ್ಲಿಂದ ಬರತೈತಿ? ನೀ ತಿರುವಪಾ ಗೌಸು."

ಕಾರು ಹೊರಟಿತು. ಮುಂದೆ ಶಾಂತಯ್ಯನವರು ಪದ್ಮಾಸನದಲ್ಲಿ, ಶಾಲಿನಿಂದ ಸೀಟಿಗೆ ಬಿಗಿದು. ಪಕ್ಕದಲ್ಲಿ ಶಿವಯೋಗೀಶ ನಡೆಸುತ್ತಿದ್ದ. ಹಿಂದೆ ಸಂಗವ್ವ, ಅಯ್ಯನವರು, ಗೌಸಮೊದ್ದೀನ. ನವಲೂರಿನ ಹತ್ತಿರ ಶಿವಯೋಗೀಶ ಚೀರಿದ.

"ವೈನಿ, ಮೀಟರಿನ ಮುಳ್ಳು ಮೈನಸ್ ಕಡೆ ಹೊಂಟೈತಿ! ಚಾರ್ಜ್ ಇಳ್ಯಾಕತ್ತೈತಿ!"

"ಖರೇ ಅಂದ್ರ ಏರಾಕತ್ತೈತ್ರಿ," ಎಂದ ಗೌಸಮೊದ್ದೀನ. "ಬ್ಯಾಟರಿ ತಿರುವಿದೆ, ಮೀಟರಿನ ಹಿಂದಿನ ಎರಡು ವೈರು ತಿರುವೂದು ಮರತೆ. ಈಗ ಕೈ ಹಾಕಾಕ ಕಾಕಾನ ಮೊಣಕಾಲು ಅಡ್ಡ ಅದಾವು. ಮುಳ್ಳು ಸುಳ್ಳು ಹೇಳಿದ್ರ ಹೇಳವಲ್ದ್ಯಾಕ, ಗಾಡಿ ಛಲೋ ಐತಿ."

"ಸುಳ್ಳು ಹೇಳೂ ಕೆಲಸ ಇವರು ಎಂದೂ ಮಾಡಿಲ್ಲ. ನಿಂದರಸು ಗಾಡಿ. ಇವರನ್ನ ಇಳಸ್ರಿ," ಎಂದಳು ಸಂಗವ್ವ.

ರಸ್ತೆಬದಿಯ ಚಹದಂಗಡಿಯ ಕುರ್ಚಿಯ ಮೇಲೆ ಶಾಂತಯ್ಯನವರನ್ನು ಕೂಡಿಸಿದರು. ಅಂಗಡಿಯ ಲಕ್ಕಪ್ಪ ತಲೆ ಎಣಿಸಿ ಅವರಿಗೂ ಒಂದು ಚಹ ತಂದಿಟ್ಟ.

"ಅಜ್ಜಾರು ಸಿಟ್ಟಿಗೆದ್ದಾರೇನ್ರಿ? ಮಾತ ಇಲ್ಲ."

"ಇಲ್ಲೋ ಯಪ್ಪಾ, ಕೆಲಸ ನೋಡಾಕತ್ತಾರ," ಎಂದಳು ಸಂಗವ್ವ.

ಲಕ್ಕಪ್ಪ ಹಣೆಯ ವಿಭೂತಿಯನ್ನೂ ಕೊರಳ ಮಾಲೆಗಳನ್ನೂ ನೋಡಿದ. "ಯಾವ ಮಠದ ಸ್ವಾಮಿಗಳ್ರಿ?" ಎನ್ನುತ್ತ ಕಾಲಿಗೆ ಬಿದ್ದ.

"ಕೈಲಾಸದವರಪಾ," ಎಂದರು ಅಯ್ಯನವರು, ತಮ್ಮ ಚಹ ಊದಿಕೊಳ್ಳುತ್ತ.

ಗೌಸಮೊದ್ದೀನ ವೈರು ತಿರುವಿ ಎಂಜಿನ್ ಚಾಲು ಮಾಡಿದ. ಮುಳ್ಳು ನಡುಗಿ, ಮೆಲ್ಲಗೆ ಪ್ಲಸ್ ಕಡೆ ಹೋಗಿ ನಿಂತಿತು. ಸಂಗವ್ವ ಬಗ್ಗಿ ನೋಡಿದಳು. ಬಂದು ಗಂಡನ ತಣ್ಣನೆಯ ಕೈ ಹಿಡಿದು, ಅಂಗಡಿಯವನಿಗೆ ಕೇಳಿಸದಂತೆ ಹೇಳಿದಳು: "ಮುಗೀತ್ರಿ. ಇನ್ನ ಹೋಗೂಣು."

ಇಳಿಹೊತ್ತಿಗೆ ಹೊಲದಲ್ಲಿ ತೋಡಿದ ಸಮಾಧಿಯ ಗದ್ದುಗೆಯಲ್ಲಿ ಅವರನ್ನು ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಪತ್ರಿ ಏರಿಸಿದರು. ಸಂಗವ್ವ ಒಂದು ಹಿಡಿ ಮಣ್ಣು ಹಾಕಿ ಕೈ ಮುಗಿದಳು.

"ಶಿವನೇ, ಹಿಡದ ಕೆಲಸ ಮುಗಿಸಿ ನಿನ್ನ ಕಡೆ ಬಂದಾರ. ದಣದಾರ. ನಿನ್ನ ಪಾದದಾಗ ಜಾಗಾ ಕೊಡು ತಂದೆ. ಅವರ ಜೀವ ತಣ್ಣಗಿರಲಿ."