ಕಳ್ಳನಿಗೆಂದು ಮಾಡಿದ ಜಾಮ್

ಮುಚ್ಚಳ ತೆಗೆದು ನೋಡಿದರೆ ಜಾಮಿನ ಬಾಟಲಿ ಅರ್ಧ ಖಾಲಿ. ಸುಚಿತಾ ಅದನ್ನು ಗೆಳತಿಯರ ಮುಂದೆ ಹಿಡಿದಳು.

"ಇಲಿ ಇರ್ಬೇಕು," ಎಂದಳು ದಿವ್ಯಶ್ರೀ.

"ಇಲಿ ಮುಚ್ಚಳ ತಿರುಗಿಸಿ, ತಿಂದು, ಮತ್ತೆ ಮುಚ್ಚಿಡ್ತದ್ಯಾ?" ಎಂದಳು ವಿನುತಾ.

ಮೂವರೂ ಜಗಲಿಯತ್ತ ನೋಡಿದರು. ಸುಚಿತಾಳ ಅಪ್ಪ ದೇವು ಬಲೆ ರಿಪೇರಿಯಲ್ಲಿ ಮುಳುಗಿದವನಂತೆ ತಲೆ ಬಗ್ಗಿಸಿ ಕೂತಿದ್ದ. ಮೀನುಗಾರಿಕೆ ಬಂದ್ ಆಗಿ ದೋಣಿಗಳೆಲ್ಲ ಧಾರೇಶ್ವರದ ದಂಡೆಗೆ ಬಂದ ಮೇಲೆ ಅವನಿಗೆ ದಿನವಿಡೀ ಮನೆಯೇ ಗತಿ. ಸಕ್ಕರೆ ಕಾಯಿಲೆಯೆಂದು ಹೆಂಡತಿ, ಸುಚಿತಾಳ ಆಯಿ ಮಾಲಿನಿ, ಅವನಿಗೆ ಚಹವನ್ನೂ ಸಪ್ಪೆಯಾಗಿಯೇ ಕೊಡುತ್ತಿದ್ದಳು.

ಅಂದು ಗೆಳತಿಯರು ಕೂಡಿದ್ದೇ ವರ್ಷದ ಕೊನೆಯ ಮಾವಿನ ಜಾಮ್ ಮಾಡುವುದಕ್ಕೆ. ಹಿತ್ತಿಲ ಒಲೆಯ ಮೇಲೆ ಬಾಟಲಿಗಳನ್ನು ಕುದಿಸಿ, ಬಟ್ಟೆಯ ಮೇಲೆ ಬೋರಲು ಹಾಕಿಟ್ಟಿದ್ದರು. ವಿನುತಾ ಹಣ್ಣು ಹಿಂಡಿ ಗೊರಟು ತೆಗೆದಳು. ದಿವ್ಯಶ್ರೀ ಲಿಂಬೆರಸ ಹಿಂಡಿದಳು. ಸುಚಿತಾ ಕೈ ಸೋಲುವವರೆಗೆ ಸೌಟು ಆಡಿಸಿದಳು. ತಟ್ಟೆಗೆ ಬಿಟ್ಟ ಹನಿ ಹರಿಯದೆ ನಿಂತಾಗ ಬಿಸಿಬಿಸಿ ಜಾಮನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿದರು. ತಳದಲ್ಲಿ ಒಂದು ಬಾಟಲಿಗಾಗುವಷ್ಟು ಉಳಿಯಿತು. ಬೇಲಿಯ ಬದಿಯ ಗಿಡದಿಂದ ವಿನುತಾ ಒಂದು ಹಿಡಿ ಸೂಜಿಮೆಣಸು ಕೊಯ್ದು ತಂದಳು.

"ನಿನ್ನಪ್ಪಂಗೆ ಸಕ್ಕರೆ ಬಿಡ್ಸೂಕೆ ಇದೇ ಔಷಧ," ಎಂದು ಅರೆದು ಹಾಕಿಯೇಬಿಟ್ಟಳು. ಗುರುತಿಗೆ ಆ ಜಾಮ್ ತುಂಬಿದ ಬಾಟಲಿಯ ಕತ್ತಿಗೊಂದು ಕೆಂಪು ದಾರ ಕಟ್ಟಿ, ಕೈಗೆ ಸಿಗುವಂತೆ ಮುಂದೆಯೇ ಇಟ್ಟರು.

ಮರುದಿನ ಬೆಳಿಗ್ಗೆ ದೇವು ಬಾವಿಕಟ್ಟೆಯಲ್ಲಿ ಕೊಡಪಾನವನ್ನೇ ಬಾಯಿಗೆತ್ತಿ ನೀರು ಕುಡಿಯುತ್ತಿದ್ದ. ಕಣ್ಣು ಕೆಂಡದ ಹಾಗೆ.

"ಎಂತ ಆತು ಅಪ್ಪ?"

"ಎಂತ ಇಲ್ಲ. ನೆಗಡಿ."

ಸುಚಿತಾ ಹಿತ್ತಿಲಿಗೆ ಓಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಟಲಿಯನ್ನು ಆಗಲೇ ಎತ್ತಿಡಬೇಕಿತ್ತು. ಅಷ್ಟರಲ್ಲಿ ಹೊನ್ನಾವರದಿಂದ ಫೋನ್ ಬಂತು. ದೋಣಿಯ ಇಂಜಿನ್ ರಿಪೇರಿ ಮಾಡುವ ಅಜಯ ಎಂಬ ಹುಡುಗ, ಅವನ ದೊಡ್ಡಮ್ಮ ಸೋಮಿ ಹೆಣ್ಣು ನೋಡಲು ಹೊರಟಾಗಿದೆ, ಇನ್ನೇನು ಬಂದರು ಎಂದು. ಸೀರೆ ಉಡಿಸಲು ಗೆಳತಿಯರು ಓಡಿ ಬಂದರು. ಮಾಲಿನಿ ಬನ್ಸ್ ಕರಿಯಲು ಕೂತಳು. ಆ ಗಡಿಬಿಡಿಯಲ್ಲಿ ಬಾಟಲಿ ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಬಂದು ಕೂತವರಿಗೆ ಚಹಾ ಒಯ್ಯಲು ಅಡುಗೆಮನೆಗೆ ಬಂದ ಸುಚಿತಾಳಿಗೆ ಮೊದಲು ಕಂಡದ್ದು ಕೆಂಪು ದಾರ. ಬಾಟಲಿ ಖಾಲಿ. ಜಾಮೆಲ್ಲ ಬಟ್ಟಲಿಗೆ ಸುರಿದು ಮಾಲಿನಿ ಆಗಲೇ ಜಗಲಿಗೆ ಒಯ್ದಿದ್ದಳು. ಸುಚಿತಾ ಬಾಗಿಲಲ್ಲೇ ನಿಂತಳು. ಹೇಳಿದರೆ ಆಯಿ ಬಿಡುವವಳಲ್ಲ. ಹೇಳದಿದ್ದರೆ ಹುಡುಗ ಉಳಿಯುವವನಲ್ಲ.

ದೇವುವಿಗೂ ಬಟ್ಟಲು ಕಂಡಿತು. ಅವನ ಮುಖ ಬಿಳಿಚಿತು.

"ಬನ್ಸಿಗೆ ಜಾಮ್ ಎಂತಕ್ಕೆ? ತುಪ್ಪ ತಾರೆ."

"ನೀವು ಸುಮ್ನಿರಿ. ಮಕ್ಕಳು ಅಷ್ಟು ಕಷ್ಟಬಿದ್ದು ಮಾಡೀರು."

"ಹಾಗಾದ್ರೆ ಎಲ್ಲಾ ನಂಗೇ ಕೊಡು," ಎಂದು ದೇವು ಬಟ್ಟಲಿಗೆ ಕೈ ಹಾಕಿದ.

"ಡಾಕ್ಟರು ಎಂತ ಹೇಳೀರು?" ಮಾಲಿನಿ ಬಟ್ಟಲು ಕಿತ್ತುಕೊಂಡು, ಬಂದವರೆದುರು ನಾಚಿ ನಕ್ಕು, ದೊಡ್ಡ ಚಮಚ ತುಂಬ ಜಾಮನ್ನು ಅಜಯನ ತಟ್ಟೆಗೆ ಹಾಕಿದಳು.

ಅಜಯ ಒಂದು ತುತ್ತು ತಿಂದ. ಅಗಿಯುವುದು ನಿಂತಿತು. ಕಿವಿ ಕೆಂಪಾಯಿತು. ಹೇಗೋ ನುಂಗಿದ.

"ಹೇಂಗದೆ?" ಎಂದು ಮಾಲಿನಿ ಕೇಳಿದಳು.

"ಚಲೋ ಅದೆ."

ಮಾಲಿನಿ ಹಿಗ್ಗಿ ಇನ್ನೊಂದು ಚಮಚ ಬಡಿಸಿದಳು. ಅಜಯ ತಲೆ ಎತ್ತಿದ. ಬಾಗಿಲ ಸಂದಿಯಲ್ಲಿ ಬಾಯಿ ಮುಚ್ಚಿಕೊಂಡ ಮೂರು ಮುಖಗಳು ಕಂಡವು. ಒಂದು ಗಳಿಗೆ ಆ ಮುಖಗಳನ್ನೇ ನೋಡಿ, ಎರಡನೆಯ ಚಮಚವನ್ನೂ ಸದ್ದಿಲ್ಲದೆ ತಿಂದುಬಿಟ್ಟ. ಕಣ್ಣಿಂದ ನೀರು ಧಾರಾಕಾರ.

"ಎಂತಕ್ಕೆ ಅಳ್ತೆ ಮಾರಾಯ?" ಸೋಮಿ ಗಾಬರಿಯಾದಳು. "ಹುಡುಗಿ ಹಿಡಿಸಲಿಲ್ವಾ?"

ಸುಚಿತಾಳಿಗೆ ಇನ್ನು ತಡೆಯಲಾಗಲಿಲ್ಲ. ಹೆಣ್ಣು ನೋಡಲು ಬಂದವರೆದುರು ನಗಬಾರದಷ್ಟು ಜೋರಾಗಿ ನಕ್ಕಳು. ದೇವು ಎದ್ದು ನಿಂತ.

"ಅದ್ರಲ್ಲಿ ಸೂಜಿಮೆಣಸು ಅದೆ! ನಂಗೆ ಅಂತ ಮಾಡಿದ್ದು. ನಾ ಬೆಳಿಗ್ಗೇ ತಿಂದಾತು!"

"ಬೆಳಿಗ್ಗೇ?" ಎಂದು ಮಾಲಿನಿ ಅವನತ್ತ ತಿರುಗಿದಳು. ಆಮೇಲೆ ಜಗಲಿಯಲ್ಲಿ ನಡೆದದ್ದನ್ನು ಸೋಮಿ ಬಹಳ ಆಸಕ್ತಿಯಿಂದ ಕೇಳುತ್ತ ಕೂತಳು.

ಸುಚಿತಾ ಮಜ್ಜಿಗೆ ತುಂಬಿದ ಚೊಂಬನ್ನು ಒಯ್ದು ಹಿತ್ತಿಲಲ್ಲಿ ಬಾಯಿ ತೊಳೆಯುತ್ತಿದ್ದ ಅಜಯನಿಗೆ ಕೊಟ್ಟಳು. ಅವನು ಅರ್ಧ ಚೊಂಬು ಖಾಲಿ ಮಾಡಿ ಉಸಿರು ಬಿಟ್ಟ.

"ಖಾರ ಅಂತ ಗೊತ್ತಿದ್ದೂ ಇನ್ನೊಂದು ಚಮಚ ಎಂತಕ್ಕೆ ತಿಂದ್ರಿ?"

"ನೀವು ಎಷ್ಟು ಹೊತ್ತು ನಗು ತಡೀತ್ರಿ ನೋಡ್ವ ಅಂತ."

ಇದುವರೆಗೆ ನೋಡಲು ಬಂದವರೆಲ್ಲ ಸಂಬಳ, ಅಡುಗೆ, ಎತ್ತರ ಕೇಳಿದ್ದರು. ಸುಚಿತಾ ಸೆರಗಿನ ಅಂಚು ನೋಡುತ್ತ ನಿಂತಳು. ಆಮೇಲೆ ಉಳಿದ ಮಜ್ಜಿಗೆಯನ್ನೂ ಕುಡಿಯಲು ಅವನಿಗೆ ಸನ್ನೆ ಮಾಡಿದಳು.

ಹೊರಡುವಾಗ ಸೋಮಿ ಇಬ್ಬರನ್ನೂ ನೋಡಿ, "ಒಪ್ಪಿಗೆ ಹೌದೋ ಅಲ್ವೋ ಹೇಳಿ," ಎಂದಳು. ಅಜಯ ನಾಲಗೆ ತೋರಿಸಿ, ತನಗೆ ಮಾತಾಡಲಾಗದು, ಅವಳನ್ನೇ ಕೇಳಿ ಎಂಬಂತೆ ಕೈ ಮಾಡಿದ.

"ಬರೋ ಆದಿತ್ಯವಾರ ಅನಾನಸಿನ ಜಾಮ್ ಮಾಡ್ತೇವೆ," ಎಂದಳು ಸುಚಿತಾ. "ಹಣ್ಣು ಕೆತ್ತೂಕೆ ಒಬ್ರು ಬೇಕು."

ಅಜಯ ಬಂದ. ಇಂಜಿನ್ ಬಿಚ್ಚುವ ಕೈಗೆ ಅನಾನಸು ಬಗ್ಗಲಿಲ್ಲ. ಅರ್ಧಕ್ಕರ್ಧ ಮುಳ್ಳುಗಣ್ಣುಗಳು ಹಾಗೇ ಉಳಿದವು. ವಿನುತಾ ಹೋಳುಗಳನ್ನೆಲ್ಲ ಅವನ ಮುಂದೆಯೇ ಸುರಿದು, "ಮೊದಲಿಂದ ಮಾಡಿ ಭಾವ," ಎಂದಳು. ಭಾವ ಎಂದದ್ದು ಕೇಳಿ ಸುಚಿತಾ ಸೌಟು ಆಡಿಸುವುದನ್ನೇ ಮರೆತಳು. ಪಾತ್ರೆಯ ತಳ ಹತ್ತಿತು.